ಪದ ಪರಿಚಯ: ಕಂಪೈಲೇಶನ್

ಬೇರೆ ಬೇರೆ ಕಡೆ ಈಗಾಗಲೇ ಬಂದಿರುವ ಹಾಡುಗಳನ್ನು ಯಾರೋ ಒಬ್ಬರು ಆರಿಸಿ, ಒಂದೇ ರೆಕಾರ್ಡಿಗೋ ಕ್ಯಾಸೆಟ್ಟಿಗೋ ಸಿಡಿಗೋ ಹಾಕಿದರೆ ಅದು ಕಂಪೈಲೇಶನ್. ಚಿತ್ರಗೀತೆಗಳ ‘ಸೂಪರ್ ಹಿಟ್ಸ್’ ಕ್ಯಾಸೆಟ್ ಕೊಂಡವರಿಗೆಲ್ಲ ಗೊತ್ತಿರುವ ಸರಕೇ ಇದು. ಒಬ್ಬನೇ ಗಾಯಕನದ್ದಾದರೆ ‘ಗ್ರೇಟೆಸ್ಟ್ ಹಿಟ್ಸ್’: ಜಾನಿ ಮ್ಯಾಥಿಸ್ ಹಾಡುಗಳ ಅಂಥದೊಂದು ಎಲ್‌ಪಿ 1958ರಲ್ಲೇ ಬಂತು. ಹಲವರದ್ದಾದರೆ ಕಲಾವಿದರ ಹೆಸರಿರಬೇಕಾದ ಜಾಗದಲ್ಲಿ ‘ವೇರಿಯಸ್ ಆರ್ಟಿಸ್ಟ್ಸ್’ ಎಂದಷ್ಟೇ ಇರುತ್ತದೆ. ಮೂಲೆಗೆ ಬೀಳುವುದು ಹೆಚ್ಚಾಗಿ ಈ ಎರಡನೆಯ ಬಗೆಯೇ.

ಸಂಗೀತದ ಹುಚ್ಚು ಹಿಡಿದವರು ಇದನ್ನು ಕೀಳಾಗಿ ಕಾಣಲು ಕಾರಣವಿಲ್ಲದೆ ಇಲ್ಲ. ಕೆನಡಾದ ವಿನಿಪೆಗ್‌ನ ಫಿಲಿಪ್ ಕೈವ್ಸ್ ಕಟ್ಟಿದ ಕೆ-ಟೆಲ್ ಕಂಪನಿ 1970ರ ದಶಕದಲ್ಲಿ ಟಿವಿ ಜಾಹೀರಾತು ಕೊಟ್ಟು ಇಂಥ ಎಲ್‌ಪಿಗಳನ್ನು ರಾಶಿ ರಾಶಿಯಾಗಿ ಮಾರಿತು. ಒಂದೇ ಡಿಸ್ಕಿಗೆ ಇಪ್ಪತ್ತರಷ್ಟು ಹಾಡು ತುರುಕಲು ಎಷ್ಟೋ ಹಾಡುಗಳ ಬಾಲ ಕತ್ತರಿಸಿದರು. ಗೆರೆಗಳು ಒತ್ತೊತ್ತಾಗಿ ಬಿದ್ದು ದನಿಯೂ ಸೊರಗಿತು. ಸೋವಿ ಸರಕು ಎಂಬ ಹಣೆಪಟ್ಟಿ ಅಂಟಿಕೊಂಡದ್ದು ಹೀಗೆ.

ಆದರೆ ಆರಿಸುವವನ ಕಿವಿ ಚುರುಕಾಗಿದ್ದರೆ ಕತೆಯೇ ಬೇರೆ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಹಿಪ್‌ಹಾಪ್ ಶುರುವಾದ ದಿನಗಳಲ್ಲಿ ಡಿಜೆಗಳಿಗೆ ಕುಣಿಯುವವರಿಗಾಗಿ ಮತ್ತೆ ಮತ್ತೆ ನುಡಿಸಲು ಬೇಕಿದ್ದದ್ದು ತಾಳವೇ ಮುಖ್ಯವಾದ ಹಳೆಯ ಫಂಕ್ ಹಾಡುಗಳಲ್ಲಿ ಮಿಕ್ಕ ವಾದ್ಯಗಳೆಲ್ಲ ಸುಮ್ಮನಾಗಿ ಡ್ರಮ್ ಮಾತ್ರ ಉಳಿಯುವ ಕೆಲವೇ ಕ್ಷಣ, ಅಂದರೆ ‘ಬ್ರೇಕ್’. ಯಾವ ರೆಕಾರ್ಡಿನಲ್ಲಿ ಒಳ್ಳೆಯ ಬ್ರೇಕ್ ಇದೆ ಎಂಬುದು ವೃತ್ತಿಯ ಗುಟ್ಟು. ಎದುರಾಳಿಗೆ ತಿಳಿಯಬಾರದೆಂದು ಕೂಲ್ ಹರ್ಕ್ ಎಂಬ ಡಿಜೆ ರೆಕಾರ್ಡಿನ ಲೇಬಲ್ಲನ್ನೇ ನೀರಿನಲ್ಲಿ ನೆನೆಸಿ ಕಿತ್ತುಹಾಕುತ್ತಿದ್ದ. ಆ ಗುಟ್ಟನ್ನು ಬಯಲು ಮಾಡಿದ್ದೇ ‘ಅಲ್ಟಿಮೇಟ್ ಬ್ರೇಕ್ಸ್ ಅಂಡ್ ಬೀಟ್ಸ್’ ಎಂಬ ಕಂಪೈಲೇಶನ್ ಸರಣಿ. ಲೆನ್ನಿ ರಾಬರ್ಟ್ಸ್ ಮತ್ತು ‘ಬ್ರೇಕ್‌ಬೀಟ್ ಲೂ’ ಎಂದೇ ಹೆಸರಾದ ಲೂ ಫ್ಲೋರೆಸ್ 1986ರಿಂದ 1991ರವರೆಗೆ ಇದರ 25 ಸಂಪುಟ ಹೊರತಂದರು. ಅದೇ ಹೊತ್ತಿಗೆ ಹಾಡಿನ ತುಣುಕನ್ನು ಹಿಡಿದಿಟ್ಟು ಬೇಕಾದಂತೆ ಮರುನುಡಿಸುವ ಸ್ಯಾಂಪ್ಲರ್ ಯಂತ್ರಗಳೂ ಕೈಗೆಟುಕತೊಡಗಿದ್ದವು. ಹಾಗಾಗಿ ಈ ಡಿಸ್ಕುಗಳು ಕೇಳುವುದಕ್ಕಿಂತ ಹೆಚ್ಚಾಗಿ ಹೊಸ ಹಾಡಿನ ಕಚ್ಚಾಮಾಲಾಗಿ ಬಳಕೆಯಾದವು.

ಈ ಸರಣಿಯಲ್ಲಿದ್ದ ‘ಅಮೆನ್, ಬ್ರದರ್’ 1969ರಲ್ಲಿ ದಿ ವಿನ್ಸ್‌ಟನ್ಸ್ ತಂಡದ ಬದಿಗೊಂದೇ ಹಾಡಿದ್ದ ಒಂದು ಸಿಂಗಲ್‌ನ ಹಿಂಬದಿಯಲ್ಲಿ ಬಂದ ಹಾಡು. ಸರಣಿಯಲ್ಲಿ ಜಾಗ ಸಿಕ್ಕ ಮೇಲೆ ಗ್ರೆಗರಿ ಕೋಲ್ಮನ್ ನುಡಿಸಿದ ಏಳು ಸೆಕೆಂಡಿನಷ್ಟರ ಡ್ರಮ್ ತುಣುಕು 1988ರ ಎನ್‌.ಡಬ್ಲ್ಯೂ.ಎ. ಎಂಬ ರ‍್ಯಾಪ್ ತಂಡದ ಹಾಡಿಗೂ ಹೋಯಿತು, ಬ್ರಿಟನ್ನಿನ ಜಂಗಲ್ ಎಂಬ ವೇಗದ ಕುಣಿತದ ಸಂಗೀತಕ್ಕೆ ಬೆನ್ನೆಲುಬೂ ಆಯಿತು. 2006ರಲ್ಲಿ ತೀರಿಕೊಂಡ ಕೋಲ್ಮನ್‌ಗೆ ಮಾತ್ರ ಅದರಿಂದ ರಾಯಲ್ಟಿ ಎಂಬುದು ಬರಲೇ ಇಲ್ಲ. ಕಂಪೈಲೇಶನ್‌ಗಳ ಗುಣಗಾನ ಮಾಡುವಾಗ ಈ ಮಾತನ್ನೂ ಸೇರಿಸಬೇಕು.

ಈಜಿ ಲಿಸನಿಂಗ್, ಅಂದರೆ ಊಟದ ಹೊತ್ತಿಗೆ ಹಿನ್ನೆಲೆಯಲ್ಲಿ ಹರಿಯಲಿ ಎಂಬಂಥ ನಯವಾದ ವಾದ್ಯಸಂಗೀತ, ಹಿಪ್‌ಹಾಪ್‌ಗೆ ಬಲು ದೂರ ಎನಿಸಬಹುದು. ಅಷ್ಟೇನೂ ದೂರವಲ್ಲ. ನಯದ ಜಾಝ್‌ಗೆ ಹೆಸರಾದ ಬಾಬ್ ಜೇಮ್ಸ್ 1975ರಲ್ಲಿ ನುಡಿಸಿದ ‘ಟೇಕ್ ಮಿ ಟು ದಿ ಮಾರ್ಡಿ ಗ್ರಾ’ದ ಗಂಟೆಯ ನಾದವೇ 1986ರಲ್ಲಿ ಹಿಪ್‌ಹಾಪ್ ತಂಡ ರನ್-ಡಿಎಂಸಿಯ ‘ಪೀಟರ್ ಪೈಪರ್’ಗೆ ತಾಳ ಒದಗಿಸಿತು. ಈಜಿ ಲಿಸನಿಂಗ್‌ಗೂ ಮರುಜೀವ ಕೊಟ್ಟದ್ದು ಕಂಪೈಲೇಶನ್ನೇ: ಕ್ಯಾಪಿಟಲ್ ಕಂಪನಿ 1996ರಲ್ಲಿ ಶುರುಮಾಡಿದ ‘ಅಲ್ಟ್ರಾ-ಲೌಂಜ್’ ಸಿಡಿಗಳು ಆ ಬಗೆಯ ಹಳೆಯ ಸಂಗೀತಗಾರರಾದ ಲೆಸ್ ಬ್ಯಾಕ್ಸ್‌ಟರ್, ಮಾರ್ಟಿನ್ ಡೆನ್ನಿಯರನ್ನು ಅವರ ಹೆಸರೇ ಕೇಳಿರದ ತಲೆಮಾರಿನ ಮುಂದೆ ತಂದು ಕೂರಿಸಿದವು.

ಹಾಗಿದ್ದೂ ಇವು ಕಣ್ಮರೆಯಾಗುವುದೇಕೆ? ಒಂದೊಂದು ಹಾಡಿನ ಹಕ್ಕೂ ಒಂದೊಂದು ಕಂಪನಿಯ ಕೈಯಲ್ಲಿರುತ್ತದೆ. ಲೈಸೆನ್ಸ್ ಸಿಗುವುದು ಇಂತಿಷ್ಟು ಕಾಲಕ್ಕೆ, ಇಂತಿಷ್ಟು ದೇಶಕ್ಕೆ ಮಾತ್ರ. ಅವಧಿ ಮುಗಿದರೆ ಮರುಮುದ್ರಣವಿಲ್ಲ. ಸ್ಟ್ರೀಮಿಂಗ್‌ನಲ್ಲಿ ಬಿಡಿ ಹಾಡುಗಳು ಸಿಕ್ಕರೂ ಅವುಗಳನ್ನು ಪೋಣಿಸಿದ ಕ್ರಮ ಅಲ್ಲಿರುವುದಿಲ್ಲ. ಫ್ಲೋರೆಸ್ ಕೆಲವು ಹಾಡುಗಳನ್ನು ಡಿಜೆಗಳಿಗೆಂದೇ ಕತ್ತರಿಸಿ ಜೋಡಿಸಿದ್ದ. ಮೂಲ ಆಲ್ಬಮ್ ಎಷ್ಟು ಕೇಳಿದರೂ ಆ ರೂಪ ದೊರೆಯದು.

ಹಳೆಯ ರೆಕಾರ್ಡಂಗಡಿಗಳಲ್ಲಿ ಇವುಗಳಿಗೆ ಗಾಯಕರ ಅಕಾರಾದಿಯಲ್ಲಿ ಜಾಗವಿಲ್ಲ; ಕೊನೆಯ ಡಬ್ಬಿಯಲ್ಲಿ ಒಟ್ಟಿಗೆ ಬಿದ್ದಿರುತ್ತವೆ. ಹುಡುಕಬೇಕಾದದ್ದು ಲೇಬಲ್ಲಿನ ಹೆಸರು ಮತ್ತು ಹೊದಿಕೆಯ ಬೆನ್ನಿನ ಸಂಖ್ಯೆ. ಬ್ರೇಕ್ಸ್ ಅಂಡ್ ಬೀಟ್ಸ್ ಬೇಕಿದ್ದರೆ ಸ್ಟ್ರೀಟ್ ಬೀಟ್ ರೆಕಾರ್ಡ್ಸ್, ಎಸ್‌ಬಿಆರ್ 501ರಿಂದ 525.