ಬ್ಯುಪ್ರೆನಾರ್ಫಿನ್ ಕೊಡುವ ಮೊದಲು ಯಾಕೆ ಕಾಯಿಸುತ್ತಾರೆ? ಓಪಿಯಾಯ್ಡ್ ಪಾಠದ ಟಿಪ್ಪಣಿ

ಫಾರ್ಮಕಾಲಜಿಯ ಈ ಪಾಠವನ್ನು ಮೂರು ಸಲ ಓದಿದೆ. ಪ್ರತಿ ಸಲವೂ ಒಂದೇ ಕಡೆ ಸಿಕ್ಕಿಬಿದ್ದೆ. ಈಗ ಅರ್ಥವಾಗಿದೆ. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಅಪಾಯ

ಮಾರ್ಫಿನ್, ಕೊಡೀನ್, ಟ್ರಮಡಾಲ್, ಫೆಂಟನಿಲ್ ಇವೆಲ್ಲ ಓಪಿಯಾಯ್ಡ್‌ಗಳು, ಅಂದರೆ ಅಫೀಮಿನ ತರಹ ಕೆಲಸ ಮಾಡುವ ನೋವಿನ ಔಷಧಗಳು. ಎಲ್ಲವೂ ಮ್ಯೂ ರಿಸೆಪ್ಟರ್ (ಜೀವಕೋಶದ ಮೇಲೆ ಔಷಧ ಬಂದು ಕೂರುವ ಜಾಗ) ಮೇಲೆ ಕೆಲಸ ಮಾಡುತ್ತವೆ. ನೋವು ಇಳಿಯುವುದೂ ಅದರಿಂದಲೇ, ಉಸಿರು ನಿಧಾನವಾಗುವುದೂ ಅದರಿಂದಲೇ. ಜೊತೆಗೆ ಮದ್ಯ ಅಥವಾ ಆಲ್‌ಪ್ರಜೋಲಮ್ ತರಹದ ಆತಂಕ, ನಿದ್ದೆಯ ಮಾತ್ರೆ ಸೇರಿದರೆ ಉಸಿರೇ ನಿಲ್ಲಬಹುದು. ಟ್ರಮಡಾಲ್‌ನಿಂದ ಫಿಟ್ಸ್ ಕೂಡ ಬರಬಹುದು. 2018ರಲ್ಲಿ ಅದನ್ನು ನಮ್ಮಲ್ಲಿ ಮಾದಕವಸ್ತು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಗೆ ಸೇರಿಸಿದರು.

ಅವಲಂಬನೆ ಅಂದರೆ ಚಟ ಅಲ್ಲ

ಕ್ಯಾನ್ಸರ್ ನೋವಿಗೆ ತಿಂಗಳುಗಟ್ಟಲೆ ಮಾರ್ಫಿನ್ ತೆಗೆದುಕೊಂಡವರು ದಿಢೀರನೆ ನಿಲ್ಲಿಸಿದರೆ ಬೆವರು, ಭೇದಿ, ಮೈಕೈ ನೋವು ಶುರುವಾಗುತ್ತದೆ. ಅದು ದೇಹದ ಅವಲಂಬನೆ. ಹಾನಿ ಕಣ್ಣೆದುರಿಗೇ ಇದ್ದರೂ ತಡೆಯಲಾಗದೆ ಮಾತ್ರೆ ಹುಡುಕಿಕೊಂಡು ಹೋಗುವುದು ಚಟ. ಇವೆರಡನ್ನು ಬೆರೆಸಿ ನೋವಿನಲ್ಲಿರುವವರಿಗೆ ಮಾರ್ಫಿನ್ ತಪ್ಪಿಸುವುದು ಅನ್ಯಾಯ.

ನಾನು ಸಿಕ್ಕಿಬಿದ್ದ ಜಾಗ

ಓಪಿಯಾಯ್ಡ್ ಚಟದ ಚಿಕಿತ್ಸೆಗೆ ಬ್ಯುಪ್ರೆನಾರ್ಫಿನ್ ಎಂಬ ಇನ್ನೊಂದು ಓಪಿಯಾಯ್ಡ್ ಕೊಡುತ್ತಾರೆ. ಅದು ವಿತ್‌ಡ್ರಾವಲ್ (ಔಷಧ ನಿಂತಾಗ ಬರುವ ಆ ಬೆವರು, ಭೇದಿ, ನೋವು) ತಗ್ಗಿಸುತ್ತದೆ. ಆದರೆ ಬೇಗ ಕೊಟ್ಟುಬಿಟ್ಟರೆ ಅದೇ ಔಷಧ ವಿತ್‌ಡ್ರಾವಲ್ ತರುತ್ತದೆ. ಎರಡೂ ಹೇಗೆ ನಿಜ?

ನಾನು ರಿಸೆಪ್ಟರ್ ಮೇಲಿನ ಹಿಡಿತ ಮತ್ತು ಅಲ್ಲಿ ಮಾಡುವ ಕೆಲಸ ಎರಡನ್ನೂ ಒಂದೇ ಅಂದುಕೊಂಡಿದ್ದೆ. ಬಿಗಿಯಾಗಿ ಹಿಡಿಯುವ ಔಷಧ ಜೋರಾಗಿ ಕೆಲಸವನ್ನೂ ಮಾಡಬೇಕಲ್ವಾ ಅಂತ. ಹಾಗಲ್ಲ. ಬ್ಯುಪ್ರೆನಾರ್ಫಿನ್‌ನ ಹಿಡಿತ ತುಂಬ ಬಿಗಿ, ಕೆಲಸ ಮಾತ್ರ ಅರೆಬರೆ. ಮಾರ್ಫಿನ್ ಕೂತ ಜಾಗದಿಂದ ಅದನ್ನು ಎಬ್ಬಿಸಿ ತಾನು ಕೂರುತ್ತದೆ. ಆದರೆ ಮಾರ್ಫಿನ್‌ನಷ್ಟು ಕೆಲಸ ಮಾಡುವುದಿಲ್ಲ.

ಮೆಟ್ಟಿಲು ನೆನಪಿಟ್ಟುಕೊಳ್ಳಿ. ಮಾರ್ಫಿನ್ ಹತ್ತನೇ ಮೆಟ್ಟಿಲು, ಬ್ಯುಪ್ರೆನಾರ್ಫಿನ್ ನಾಲ್ಕನೇದು (ಸುಮ್ನೆ ಲೆಕ್ಕಕ್ಕೆ). ಹತ್ತರಲ್ಲಿದ್ದವರನ್ನು ನಾಲ್ಕಕ್ಕೆ ತಂದರೆ ಅದು ಬೀಳುವುದು. ಔಷಧ ಇಳಿದು ನೆಲಕ್ಕೆ ಬಂದವರಿಗೆ ಅದೇ ನಾಲ್ಕು ಏರುವುದು. ಔಷಧ ಒಂದೇ, ಶುರು ಮಾಡುವ ಜಾಗ ಬೇರೆ.

ಅದಕ್ಕೇ ಕಾಯಿಸುವುದು. ಬೇಗ ಇಳಿಯುವ ಓಪಿಯಾಯ್ಡ್ ಆದರೆ ಸುಮಾರು 12 ಗಂಟೆ ಅಥವಾ ಹೆಚ್ಚು, ನಿಧಾನವಾಗಿ ಇಳಿಯುವ ಮೆಥಡೋನ್ ಆದರೆ ಇನ್ನೂ ಜಾಸ್ತಿ. ಗಡಿಯಾರವನ್ನಷ್ಟೇ ನಂಬುವುದಿಲ್ಲ. ಆಕಳಿಕೆ, ಬೆವರು, ಮೈಮೇಲೆ ಎದ್ದು ನಿಂತ ರೋಮ, ಹಿಗ್ಗಿದ ಕಣ್ಣಪಾಪೆ ನೋಡಿ ಅಂಕ ಹಾಕುತ್ತಾರೆ. ವಿತ್‌ಡ್ರಾವಲ್ ಅಳೆಯುವ ‘ಕೌಸ್’ ಪಟ್ಟಿಯಲ್ಲಿ ಇಂಥವು 11 ಇವೆ.

ಕೆಲಸ ಅರೆಬರೆ ಆದ್ದರಿಂದ ಒಂದು ಲಾಭವೂ ಇದೆ. ಡೋಸ್ ಏರಿಸಿದರೂ ಉಸಿರು ತಗ್ಗುವುದು ಒಂದು ಮಟ್ಟದಲ್ಲಿ ನಿಲ್ಲುತ್ತದೆ. ನಿದ್ದೆ ಮಾತ್ರೆ ಸೇರಿದರೆ ಈ ರಕ್ಷಣೆ ನಂಬುವಂತಿಲ್ಲ.

ಬ್ಯುಪ್ರೆನಾರ್ಫಿನ್ ಮಾತ್ರೆಯಲ್ಲಿ ಓಪಿಯಾಯ್ಡ್ ಕೆಲಸ ತಡೆಯುವ ನಲಾಕ್ಸೋನ್ ಯಾಕೆ ಬೆರೆಸುತ್ತಾರೆ? ನಾಲಿಗೆ ಕೆಳಗಿಟ್ಟರೆ ಅದು ಹೆಚ್ಚು ರಕ್ತಕ್ಕೆ ಸೇರುವುದಿಲ್ಲ. ಪುಡಿ ಮಾಡಿ ಚುಚ್ಚಿಕೊಂಡರೆ ಮಾತ್ರ ಅಡ್ಡ ಬರುತ್ತದೆ. 2 ಮಿಲಿಗ್ರಾಂ ಬ್ಯುಪ್ರೆನಾರ್ಫಿನ್ ಇರುವ ಮಾತ್ರೆಯಲ್ಲಿ ಅದು 0.5 ಮಿಲಿಗ್ರಾಂ.

ಚಟದ ಚಿಕಿತ್ಸೆಯ ಉಳಿದ ಔಷಧಗಳು

ಮೆಥಡೋನ್: ಪೂರ್ತಿ ಕೆಲಸ, ನಿಧಾನ ಇಳಿತ. ನಾಲ್ಟ್ರೆಕ್ಸೋನ್: ಬರೀ ತಡೆ, ಶುರು ಮಾಡಲು 7ರಿಂದ 10 ದಿನ ಓಪಿಯಾಯ್ಡ್ ಇಲ್ಲದೆ ಇರಬೇಕು.

ಕೆಲವು ವಾರ ಓಪಿಯಾಯ್ಡ್ ಬಿಟ್ಟವರ ದೇಹ ಹಳೆಯ ಡೋಸ್ ತಾಳುವುದಿಲ್ಲ. ಮತ್ತೆ ಅಷ್ಟೇ ತೆಗೆದುಕೊಂಡರೆ ಸಾವು ಬರಬಹುದು. ಡಿಸ್ಚಾರ್ಜ್ ದಿನ ಇದನ್ನು ಮನೆಯವರಿಗೆ ಕೂರಿಸಿ ಹೇಳಬೇಕು. ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ಕೇಂದ್ರವೇ ಇದೆ. ಫೋನ್ ಮಾಡಲು 14446 ಸಹಾಯವಾಣಿ ಇದೆ.