ಲಾಲ್‌ಬಾಗಿನ ಅಪರೂಪದ ಗಿಡಮರಗಳು: ಅಪರೂಪ ಅಂದರೆ ಎಲ್ಲಿ?

ಬಾಟನಿ ಓದುವವರು ಲಾಲ್‌ಬಾಗಿಗೆ ಹೋದರೆ ಸಾಮಾನ್ಯವಾಗಿ ಆಗುವುದು ಇಷ್ಟೇ. ಗಾಜಿನ ಮನೆ ಮುಂದೆ ಫೋಟೋ, ಬಂಡೆ ಹತ್ತಿ ಕೆಂಪೇಗೌಡ ಗೋಪುರ, ಆಮೇಲೆ ಸಿಕ್ಕ ಸಿಕ್ಕ ಬೋರ್ಡಿನ ಹೆಸರನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸುವುದು. 240 ಎಕರೆ ತೋಟ ಅದು. ಹೀಗೆ ಬರೆಯುತ್ತಾ ಹೋದರೆ ಸಂಜೆಗೆ ಕಾಲುನೋವು ಬಿಟ್ಟು ಬೇರೇನೂ ಉಳಿಯಲ್ಲ. ನಾಲ್ಕೈದು ಗಿಡ ಸಾಕು. ಆದರೆ ಒಂದೊಂದರ ಮುಂದೆಯೂ ನಿಂತು ಕೇಳಿಕೊಳ್ಳಿ: ಇದು ಎಲ್ಲಿ ಅಪರೂಪ? ಬೆಂಗಳೂರಲ್ಲೋ, ತನ್ನ ತವರಲ್ಲೋ, ಎರಡೂ ಕಡೆಯೋ?

ಹಿನ್ನೆಲೆ ಸ್ವಲ್ಪ ಗೊತ್ತಿರಲಿ. 1760ರಲ್ಲಿ ಹೈದರ್ ಅಲಿ ಶುರು ಮಾಡಿದ ತೋಟ, ಟಿಪ್ಪು ಬೆಳೆಸಿದ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಹೊರದೇಶದ ಗಿಡಗಳನ್ನು ತಂದು ಇಲ್ಲಿ ಹೊಂದುತ್ತವಾ ಅಂತ ನೋಡುವುದು ಆಗಿನ ದೊಡ್ಡ ಕೆಲಸ. ಅದಕ್ಕೇ ಇಲ್ಲಿ ಬರ್ಮಾ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ ಎಲ್ಲ ಕಡೆಯ ಮರಗಳೂ ಸಿಗುತ್ತವೆ.

ಮೊದಲು ನಾಗಲಿಂಗದ ಹತ್ತಿರ ಹೋಗಿ. ಶಿವನ ಗುಡಿ ಅಂಗಳದಲ್ಲಿ ನೋಡಿ ನೋಡಿ ಇದು ನಮ್ಮದೇ ಮರ ಅಂದುಕೊಂಡಿರುತ್ತೇವೆ, ಅಲ್ವಾ? ಇದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡು. ಅಲ್ಲಿ ಇದಕ್ಕೆ ಅಳಿವಿನ ಭಯವಿಲ್ಲ. ಅಂದರೆ ಇದು ನೋಡಲು ವಿಚಿತ್ರ, ಆದರೆ ಅಪರೂಪವಲ್ಲ. ಹೂವು ಕೊಂಬೆಯ ತುದಿಯಲ್ಲಿ ಬಿಡದೆ ಬೊಡ್ಡೆಯಿಂದಲೇ ಹೊರಡುತ್ತದೆ. ಇದನ್ನು ಕಾಲಿಫ್ಲೊರಿ ಅನ್ನುತ್ತಾರೆ. ಪರೀಕ್ಷೆಯಲ್ಲಿ ಉದಾಹರಣೆ ಕೇಳಿದರೆ ನಮ್ಮ ಹಲಸು, ಅತ್ತಿಯನ್ನೂ ಜೊತೆಗೆ ಬರೆಯಿರಿ. ಈಗ ಕೆಳಗೆ ಬಿದ್ದಿರುವ ಒಂದು ಹೂವು ಎತ್ತಿಕೊಳ್ಳಿ, ಮರದಿಂದ ಕೀಳಬೇಡಿ. ನಡುವೆ ಲಿಂಗದಂತೆ ಕಾಣುವ ಭಾಗದ ಸುತ್ತ ಒಂದು ಗುಂಪು ಕೇಸರ (ಪರಾಗ ಹೊತ್ತ ಎಳೆಗಳು), ಮೇಲೆ ಹೆಡೆಯಂತೆ ಬಾಗಿದ ಭಾಗದಲ್ಲಿ ಇನ್ನೊಂದು ಗುಂಪು. ಈ ಹೂವಲ್ಲಿ ಮಕರಂದವೇ ಇಲ್ಲ. ಹೆಡೆಯಲ್ಲಿರುವ ಪರಾಗ ಬರೀ ಜೇನುಗಳಿಗೆ ಊಟ, ಬೀಜ ಕಟ್ಟಲು ಅದು ಬರಲ್ಲ. ದುಂಬಿ ಆ ಊಟಕ್ಕೆ ಅಂತ ಒಳಗೆ ನುಗ್ಗಿದಾಗ ಕೆಳಗಿನ ಕೇಸರದ ನಿಜವಾದ ಪರಾಗ ಬೆನ್ನಿಗೆ ಅಂಟಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ಚಿತ್ರ ಬಿಡಿಸುವಾಗ ಎರಡೂ ಗುಂಪನ್ನು ಬೇರೆ ಬೇರೆ ಗುರುತಿಸಿ, ಜಾಸ್ತಿ ಜನ ಇದನ್ನೇ ಬಿಟ್ಟುಬಿಡುತ್ತಾರೆ.

ಆಮೇಲೆ ಅಶೋಕ. ಶಾಲೆ ಕಾಂಪೌಂಡಿನ ಪಕ್ಕ ಕಂಬದ ಹಾಗೆ ನಿಂತಿರುತ್ತದಲ್ಲ, ಅದಲ್ಲ. ಅದು ಸೀತಾಫಲದ ಕುಟುಂಬದ್ದು. ನಿಜವಾದ ಅಶೋಕ, ಅಂದರೆ ಸರಾಕಾ ಅಸೋಕ, ಕಿತ್ತಳೆ ಕೆಂಪು ಗೊಂಚಲು ಬಿಡುವ ಕುಳ್ಳ ಮರ. ಗೊಂಚಲಲ್ಲಿ ಬಣ್ಣ ಬಣ್ಣವಾಗಿ ಕಾಣುವುದು ದಳ ಅಲ್ಲ, ಪುಷ್ಪಪತ್ರ, ಅಂದರೆ ಹೂವಿನ ಹೊರಸುತ್ತಿನ ಎಸಳು (ಸೆಪಲ್). ದಳ ಇದಕ್ಕೆ ಇಲ್ಲವೇ ಇಲ್ಲ. ಪುರಾಣದಿಂದ ಹಿಡಿದು ಔಷಧಿ ಅಂಗಡಿವರೆಗೂ ಹೆಸರು ಕೇಳುತ್ತೇವೆ, ಆದರೆ ತೊಗಟೆಗಾಗಿ ಕಡಿದು ಕಡಿದು ಕಾಡಿನಲ್ಲಿ ಕಡಿಮೆಯಾಗಿದೆ. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಅಂತ ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅಪಾಯಕ್ಕೆ ಸಿಲುಕಬಹುದಾದ ಜಾತಿ ಅಂತ ಇದೆ. ಹೆಸರು ಎಲ್ಲರಿಗೂ ಗೊತ್ತು, ಮರ ಕಂಡವರು ಕಡಿಮೆ. ನನ್ನ ಪ್ರಕಾರ ವಿದೇಶಿ ಮರಗಳಿಗಿಂತ ಮೊದಲು ಇದರ ಮುಂದೆ ನಿಲ್ಲಬೇಕು.

ಅಶೋಕದ ಎಳೆ ಎಲೆ ನೋಡಿ. ಒದ್ದೆ ಕರವಸ್ತ್ರ ನೇತುಹಾಕಿದ ಹಾಗೆ ಜೋತುಬಿದ್ದಿರುತ್ತದೆ, ಬಣ್ಣವೂ ಹಸಿರಲ್ಲ. ನೀರಿಲ್ಲದೆ ಬಾಡಿದ್ದಲ್ಲ ಅದು. ಎಲೆ ಪೂರ್ತಿ ಬೆಳೆದ ಮೇಲಷ್ಟೇ ಹರಿತ್ತು (ಎಲೆಗೆ ಹಸಿರು ಬಣ್ಣ ಕೊಡುವ ವಸ್ತು) ತುಂಬಿಕೊಂಡು ಗಟ್ಟಿಯಾಗುತ್ತದೆ. ಎಳೆ ಎಲೆಯನ್ನು ಹುಳ ತಿಂದರೂ ಮರಕ್ಕೆ ನಷ್ಟ ಕಡಿಮೆ ಅನ್ನುವುದು ಇದಕ್ಕೆ ಕೊಡುವ ವಿವರಣೆ. ಇದೇ ಲಕ್ಷಣ ಆಮ್ಹರ್ಸ್ಟಿಯಾ ನೊಬಿಲಿಸ್‌ನಲ್ಲೂ ಇದೆ. ಬರ್ಮಾದ ಮರ. 1820ರ ದಶಕದಲ್ಲಿ ವಾಲಿಚ್ ಅನ್ನುವ ಸಸ್ಯವಿಜ್ಞಾನಿ ಇದನ್ನು ಕಂಡದ್ದು ಕಾಡಲ್ಲಲ್ಲ, ಒಂದು ಬೌದ್ಧ ಮಠದ ತೋಟದಲ್ಲಿ! ಗವರ್ನರ್ ಜನರಲ್ ಆಮ್ಹರ್ಸ್ಟ್ ಅವರ ಪತ್ನಿ ಮತ್ತು ಮಗಳ ಗೌರವಕ್ಕೆ ಈ ಹೆಸರು ಬಂತು. ತಲೆಕೆಳಗಾಗಿ ತೂಗುವ ಕೆಂಪು ಹೂವು, ತುದಿಗೆ ಹಳದಿ ಮಚ್ಚೆ. ಕುಲದಲ್ಲಿ ಇದೊಂದೇ ಜಾತಿ. ಬೀಜ ಕಟ್ಟುವುದು ತುಂಬಾ ಕಡಿಮೆ, ಹಾಗಾಗಿ ತೋಟಗಳಲ್ಲಿ ಗೂಟಿ ಕಟ್ಟಿ, ಅಂದರೆ ಮರದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸಿ, ಬೆಳೆಸುತ್ತಾರೆ. ಇದು ಎರಡೂ ಕಡೆ ಅಪರೂಪ: ಬೆಂಗಳೂರಲ್ಲೂ, ತವರಿನ ಕಾಡಲ್ಲೂ. ಅಂದ ಹಾಗೆ ನಮ್ಮ ಹುಣಸೆಯೂ ಇದೇ ಬಳಗದ್ದು.

ಸೈಕಸ್ ಬಗ್ಗೆ ಚಿಕ್ಕದಾಗಿ. ತಾಳೆ ಜಾತಿ ಅಂತ ಬರೆದು ಅಂಕ ಕಳೆದುಕೊಳ್ಳಬೇಡಿ, ಇದು ಹೂವೇ ಬಿಡದ ಅನಾವೃತಬೀಜಿ, ಅಂದರೆ ಬೀಜ ಹಣ್ಣಿನೊಳಗೆ ಮುಚ್ಚಿರದ ಗಿಡ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡಿನಲ್ಲಿ ಶಂಕು, ಹೆಣ್ಣಿನಲ್ಲಿ ಎಲೆಯಂಥ ಭಾಗದ ಅಂಚಿಗೆ ಬೀಜ. ವೀರ್ಯಾಣು ಈಜುತ್ತದೆ, ಬೇರಿನಲ್ಲಿ ಸಾರಜನಕ ಹಿಡಿಯುವ ನೀಲಿಹಸಿರು ಪಾಚಿ ಇರುತ್ತದೆ. ಡೈನೋಸಾರ್ ಕಾಲದ ಗಿಡ ಅನ್ನುವುದು ವಂಶಕ್ಕೆ ಸರಿ, ಆದರೆ ಈಗಿರುವ ಜಾತಿಗಳಲ್ಲಿ ಹೆಚ್ಚಿನವು ಕವಲೊಡೆದದ್ದು ಸುಮಾರು 1.2 ಕೋಟಿ ವರ್ಷಗಳಿಂದ ಈಚೆಗೆ. ನಮ್ಮ ಪಶ್ಚಿಮ ಘಟ್ಟದ ಸೈಕಸ್ ಸರ್ಸಿನಾಲಿಸ್ ಅಂತೂ ಅಳಿವಿನಂಚಿನ ಪಟ್ಟಿಯಲ್ಲಿದೆ.

ಕೊನೆಗೆ ಎಲ್ಲರೂ ಕ್ರಿಸ್‌ಮಸ್ ಮರ ಅನ್ನುವ ಅರಾಕೇರಿಯಾ. ಬೋರ್ಡಿನಲ್ಲಿ ಕುಕಿಯೈ ಅಂತ ಇದ್ದರೆ ಅದು ಹಳೆಯ ಹೆಸರು, ಈಗ ಕೊಲಮ್ನಾರಿಸ್ ಅಂತ ಬರೆಯಬೇಕು. ತವರು ಪೆಸಿಫಿಕ್‌ನ ನ್ಯೂ ಕ್ಯಾಲೆಡೋನಿಯಾ, ಅಲ್ಲಿ ಕ್ಷೇಮವಾಗಿಯೇ ಇದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಐದು ಖಂಡಗಳ 256 ಮರಗಳನ್ನು ಅಳೆದು, ಇವು ಸಮಭಾಜಕ ವೃತ್ತದ ಕಡೆಗೆ ಸರಾಸರಿ 8.55 ಡಿಗ್ರಿ ವಾಲುತ್ತವೆ ಅಂತ ತೋರಿಸಿತು. ಹಾಗಿದ್ದರೆ ಬೆಂಗಳೂರಲ್ಲಿ ದಕ್ಷಿಣಕ್ಕೆ ವಾಲಬೇಕು. ಫೋನಿನ ದಿಕ್ಸೂಚಿ ತೆಗೆದು ನೀವೇ ನೋಡಿ. ಸ್ವಲ್ಪ ದೂರ ನಿಂತು, ಎರಡು ಬೇರೆ ಬೇರೆ ದಿಕ್ಕಿನಿಂದ ನೋಡಬೇಕು. ಒತ್ತಾಗಿ ನೆಟ್ಟ ಸಾಲು ಬೇಡ, ಒಂಟಿಯಾಗಿ ನಿಂತ ಮರ ಆರಿಸಿ. ಇಲ್ಲದಿದ್ದರೆ ಪಕ್ಕದ ಮರದ ನೆರಳು ತಪ್ಪಿಸಿಕೊಳ್ಳಲು ಬಾಗಿದ್ದೋ, ತಾನಾಗಿ ವಾಲಿದ್ದೋ ಹೇಳಲು ಬರಲ್ಲ.