ಸಿಸ್ಟರ್ ಕೈಯಲ್ಲಿರುವ ಫೋನು ಯಾರದ್ದು?

2025ರ ಮೇ 1ರಿಂದ ಮೆಡಿಕಲ್ ಕಾಲೇಜುಗಳ ಬೋಧಕ ಡಾಕ್ಟರುಗಳು ಹಾಜರಿ ಹಾಕುವ ರೀತಿ ಬದಲಾಯಿತು. ಮೊದಲು ಬಾಗಿಲ ಹತ್ತಿರದ ಯಂತ್ರಕ್ಕೆ ಬೆರಳು ಒತ್ತಿದರೆ ಆಯ್ತು. ಈಗ ತಮ್ಮ ಮೊಬೈಲಿಗೆ ಆ್ಯಪ್ ಹಾಕಿಕೊಂಡು ಮುಖ ತೋರಿಸಬೇಕು. ಮುಖ ಇವರದ್ದೇನಾ ಅಂತ ಆಧಾರ್ ನೋಡುತ್ತದೆ. ಕ್ಯಾಂಪಸ್ ಒಳಗೇ ಇದ್ದಾರಾ ಅಂತ ಜಿಪಿಎಸ್ ನೋಡುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಆದೇಶ ಇದು. ಮುಂಬೈಯ ಕೆಇಎಂ, ನಾಯರ್, ಸಯನ್, ಜೆಜೆ, ಪುಣೆಯ ಸಸೂನಿಗೆ ಸೇರಿದ ಬಿ.ಜೆ. ಕಾಲೇಜು, ಗೋವಾದ ಬಾಂಬೋಳಿಯ ಮೆಡಿಕಲ್ ಕಾಲೇಜು, ಎಲ್ಲಕ್ಕೂ ಒಂದೇ ನಿಯಮ.

ಇನ್ನು ದೊಡ್ಡ ಸರ್ಕಾರಿ ಆಸ್ಪತ್ರೆಯ ಯಾವುದೋ ವಾರ್ಡನ್ನು ನೆನೆಸಿಕೊಳ್ಳಿ. ರಾತ್ರಿ ಎರಡು ಗಂಟೆ. ಪೇಷಂಟಿಗೆ ಉಸಿರಾಟ ಏರುಪೇರಾಗಿದೆ. ಸಿಸ್ಟರ್ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಯಾರ ಫೋನಿನಿಂದ? ಹೆಚ್ಚಾಗಿ ತಮ್ಮದೇ ಮೊಬೈಲಿನಿಂದ, ತಮ್ಮದೇ ರೀಚಾರ್ಜಿನಲ್ಲಿ. ನೌಕರರು ಎಲ್ಲಿದ್ದಾರೆ ಅಂತ ನೋಡುವ ಯಂತ್ರಕ್ಕೆ ಸಂಸ್ಥೆ ದುಡ್ಡು ಹಾಕುತ್ತದೆ. ಒಬ್ಬರು ಇನ್ನೊಬ್ಬರನ್ನು ಕರೆಯುವ ಕೆಲಸ ಮಾತ್ರ ನೌಕರರ ಜೇಬಿಗೇ ಬಿದ್ದಿದೆ. ಮೊದಲಿನಿಂದಲೂ ಹೀಗೇ ಇತ್ತಾ ಅಂದರೆ ಇರಲಿಲ್ಲ.

ಆಸ್ಪತ್ರೆಯ ಗಂಟೆಯ ಬಗ್ಗೆ ಸರಿಯಾಗಿ ತಲೆ ಕೆಡಿಸಿಕೊಂಡವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಒಬ್ಬರು. ಕ್ರಿಮಿಯಾ ಯುದ್ಧಕ್ಕೆ ಹೋಗುವ ಮುಂಚೆ, 1853ರಲ್ಲಿ, ಲಂಡನ್ನಿನ ಹಾರ್ಲೆ ಬೀದಿಯ ಒಂದು ಸಣ್ಣ ಆಸ್ಪತ್ರೆ ಅವರ ಕೈಗೆ ಬಂತು. ಪ್ರತಿ ಮಹಡಿಯಲ್ಲೂ ನರ್ಸ್ ಕೋಣೆಯ ಬಾಗಿಲಲ್ಲೇ ಗಂಟೆ ಇರಬೇಕು ಅಂತ ಅವರು ಹಟ ಹಿಡಿದರು. ಗಂಟೆ ಹೊಡೆದ ಕೂಡಲೇ ಅದರ ಹತ್ತಿರದ ಒಂದು ಮುಚ್ಚಳ ತೆರೆದುಕೊಳ್ಳಬೇಕು, ಹಾಗೇ ತೆರೆದೇ ಇರಬೇಕು ಅಂದರು. ಇಲ್ಲದಿದ್ದರೆ ಶಬ್ದ ನಿಂತ ಮೇಲೆ ಕರೆದದ್ದು ಯಾರು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಕರೆ ಮತ್ತು ಕರೆಯ ಗುರುತು, ಎರಡೂ ಅಲ್ಲಿ ಜತೆಗಿದ್ದವು. ಇವತ್ತು ಖಾಸಗಿ ಆಸ್ಪತ್ರೆಯಲ್ಲಿ ರೂಮಿನ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತದಲ್ಲ, ಸಿಸ್ಟರ್ ಬಂದು ಆರಿಸುವ ತನಕ ಆರದ ದೀಪ, ಅದು ಆ ಮುಚ್ಚಳದ ವಂಶದ್ದೇ.

ನಮ್ಮ ಜನರಲ್ ವಾರ್ಡುಗಳಿಗೆ ಗಂಟೆ ಅಷ್ಟಾಗಿ ಬರಲೇ ಇಲ್ಲ. ಪೇಷಂಟಿನ ಕಡೆಯವರೇ ಗಂಟೆ. ಓಡಿ ಹೋಗಿ ಸಿಸ್ಟರನ್ನು ಕರೆಯುವುದು ಅವರ ಕೆಲಸ. ಸಿಸ್ಟರ್ ಡಾಕ್ಟರನ್ನು ಕರೆಯಲು ಇದ್ದದ್ದು ಕಾಲ್ ಬುಕ್. ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನಲ್ಲೇ ಕುಂದಾಪುರ ಕಡೆಯ ನರ್ಸ್ ಅಕ್ಕ ಒಬ್ಬರಿದ್ದಾರೆ. ರಿಟೈರ್ ಆಗಿ ವರ್ಷಗಳಾದವು. ಕಾಲ್ ಬುಕ್ ಹೇಗಿತ್ತು ಅಂತ ಅವರೇ ಹೇಳಿದ್ದು. ಉದ್ದ ರಟ್ಟಿನ ಪುಸ್ತಕ, ಬೆಡ್ ನಂಬರ್, ಏನಾಗಿದೆ ಅಂತ ಎರಡು ಸಾಲು, ಕಾಲ್ ಕಳಿಸಿದ ಹೊತ್ತು. ಡಾಕ್ಟರ್ ಬಂದು ನೋಡಿದ ಹೊತ್ತು ಬರೆದು ಸಹಿ ಹಾಕಬೇಕು. ಪುಸ್ತಕ ಹೊತ್ತೊಯ್ಯುವುದು ವಾರ್ಡ್‌ಬಾಯ್. ಮುಂಬೈ ಆಸ್ಪತ್ರೆಗಳಲ್ಲಿ ಅವನು ಎಲ್ಲರಿಗೂ ಮಾಮಾ, ಆಯಾ ಎಲ್ಲರಿಗೂ ಮಾವ್ಶಿ. "ಮಾಮಾ ದಾರಿಯಲ್ಲಿ ಚಾ ಕುಡಿಯಲಿಕ್ಕೆ ನಿಂತರೆ ಮುಗೀತು" ಅಂತ ಅಕ್ಕ ಈಗಲೂ ನಗುತ್ತಾರೆ. ನಿಧಾನ, ನಿಜ. ಆದರೆ ಆ ಪುಸ್ತಕದಲ್ಲಿ ಒಂದು ನ್ಯಾಯ ಇತ್ತು. ಡಾಕ್ಟರ್ ಎಷ್ಟು ಹೊತ್ತಿಗೆ ಬಂದರು ಅನ್ನುವ ಲೆಕ್ಕ ಅದರಲ್ಲೂ ಉಳಿಯುತ್ತಿತ್ತು. ಆ ಲೆಕ್ಕ ಇಟ್ಟದ್ದು ಪೇಷಂಟಿಗೋಸ್ಕರ, ಸಂಬಳ ಕಟ್ ಮಾಡಲಿಕ್ಕಲ್ಲ.

ಕರೆಯಲು ಏನೂ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಕರಾವಳಿಯ ನಮ್ಮವರು ಮರೆಯದ ಹೆಸರೊಂದಿದೆ. ಅರುಣಾ ಶಾನಭಾಗ್. ಹೊನ್ನಾವರ ಹತ್ತಿರದ ಹಳದೀಪುರದವರು, ಪರೇಲಿನ ಕೆಇಎಂನಲ್ಲಿ ನರ್ಸ್. 1973ರ ನವೆಂಬರ್ 27ರ ಸಂಜೆ ಡ್ಯೂಟಿ ಮುಗಿಸಿ ಬಟ್ಟೆ ಬದಲಾಯಿಸಲು ನೆಲಮಾಳಿಗೆಗೆ ಹೋದವರ ಮೇಲೆ ಅಲ್ಲಿನದೇ ಕೆಲಸಗಾರನೊಬ್ಬ ದೌರ್ಜನ್ಯ ಎಸಗಿದ. ಮಾರನೇ ದಿನ ಬೆಳಿಗ್ಗೆ ಗುಡಿಸಲು ಬಂದವರು ನೋಡುವ ತನಕ ಯಾರಿಗೂ ಗೊತ್ತಾಗಲಿಲ್ಲ. ನೂರಾರು ಜನ ಓಡಾಡುವ ಆಸ್ಪತ್ರೆಯ ಒಳಗೆ, ಒಂದು ಇಡೀ ರಾತ್ರಿ. ಆಮೇಲೆ 2015ರ ಮೇ 18ರಂದು ತೀರಿಕೊಳ್ಳುವ ತನಕ ಎಚ್ಚರವಿಲ್ಲದ ಹಾಗೆ ಮಲಗಿದ್ದ ಅವರನ್ನು ಅದೇ ಆಸ್ಪತ್ರೆಯ ನರ್ಸುಗಳೇ ನೋಡಿಕೊಂಡರು. ಅವರ ಕೇಸು ಅಂದರೆ ಎಲ್ಲರಿಗೂ 2011ರ ದಯಾಮರಣದ ತೀರ್ಪು ನೆನಪಾಗುತ್ತದೆ. ರಾತ್ರಿಯಿಡೀ ಯಾಕೆ ಗೊತ್ತಾಗಲಿಲ್ಲ ಅನ್ನುವ ಸಣ್ಣ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಹೊರದೇಶದಲ್ಲಿ ಅಷ್ಟು ಹೊತ್ತಿಗೆ ಪೇಜರ್, ಅಂದರೆ ಕರೆ ಬಂದಾಗ ಜೇಬಿನಲ್ಲೇ ಕೂಗುವ ಸಣ್ಣ ಯಂತ್ರ, ಹಳೆಯದಾಗಿತ್ತು. ಆಲ್ ಗ್ರಾಸ್ ಎಂಬ ಅಮೆರಿಕದ ಎಂಜಿನಿಯರ್ 1949ರಲ್ಲಿ ಪೇಟೆಂಟ್ ಪಡೆದ ಸಾಧನ ಅದು. ಮೊದಲು ಬಳಸಿದ್ದೇ ಒಂದು ಆಸ್ಪತ್ರೆ, ನ್ಯೂಯಾರ್ಕಿನ ಜ್ಯೂಯಿಷ್ ಹಾಸ್ಪಿಟಲ್, 1950ರಲ್ಲಿ. ನಮ್ಮಲ್ಲಿ ಪೇಜರ್ ಬಂದದ್ದು 1995ರಲ್ಲಿ. ಅದರ ಗ್ರಹಚಾರ ನೋಡಿ, ದೇಶದ ಮೊದಲ ಮೊಬೈಲ್ ಕರೆಯೂ ಅದೇ ವರ್ಷ ಜುಲೈ 31ರಂದೇ ಆಯಿತು. ಆಗ ಮೊಬೈಲಿಗೆ ನಿಮಿಷಕ್ಕೆ 16 ರೂಪಾಯಿ ತನಕ ಆಗುತ್ತಿತ್ತು, ಬಂದ ಕಾಲ್‌ಗೂ ದುಡ್ಡು. ಹಾಗಾಗಿ ಸ್ವಲ್ಪ ವರ್ಷ ಡಾಕ್ಟರುಗಳ ಬೆಲ್ಟಿನಲ್ಲಿ ಪೇಜರ್ ಕಾಣುತ್ತಿತ್ತು. 2003ರಲ್ಲಿ ಇನ್‌ಕಮಿಂಗ್ ಫ್ರೀ ಆಯಿತು. ಪೇಜರ್ ಕಥೆ ಅಲ್ಲಿಗೆ ಮುಗಿಯಿತು.

ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ 2019ರಲ್ಲೂ ಸುಮಾರು 1,30,000 ಪೇಜರುಗಳಿದ್ದವು. ಹಳೇ ಕಾಲದವರು ಅಂತ ನಗಬೇಡಿ. ಮೊಬೈಲ್ ಸಿಗ್ನಲ್ ಸಾಯುವ ನೆಲಮಾಳಿಗೆಯಲ್ಲೂ ಪೇಜರ್ ಕೂಗುತ್ತದೆ. ಬ್ಯಾಟರಿ ವಾರಗಟ್ಟಲೆ ಬರುತ್ತದೆ. ಅದಕ್ಕಿಂತ ದೊಡ್ಡ ವಿಷಯ ಅಂದರೆ ಆ ಪೇಜರ್ ಡಾಕ್ಟರದ್ದಲ್ಲ, ಡ್ಯೂಟಿಯದ್ದು. ಶಿಫ್ಟ್ ಮುಗಿದರೆ ಮುಂದಿನವರ ಕೈಗೆ ಕೊಟ್ಟು ಹೋಗಬೇಕು. ಹೃದಯ ನಿಂತರೆ ಈ ನಂಬರ್ ಅಂದರೆ ಯಾವಾಗಲೂ ಇದೇ ನಂಬರ್. ಎತ್ತುವವರು ಯಾರು ಅಂತ ಕರೆಯುವವರು ತಿಳಿಯಬೇಕಾಗಿಲ್ಲ.

ನಾವು ಡ್ಯೂಟಿ ಪೇಜರಿನ ಆ ಮೆಟ್ಟಿಲಲ್ಲಿ ನಿಲ್ಲದೆ ಸೀದಾ ಮೊಬೈಲಿಗೆ ಹಾರಿದೆವು. ನಂಬರ್ ಡ್ಯೂಟಿಯಿಂದ ಮನುಷ್ಯನಿಗೆ ಹೋಯಿತು. ಇವತ್ತು ರಾತ್ರಿ ಯಾರು ಆನ್‌ಕಾಲ್, ಅವರ ನಂಬರ್ ಯಾವುದು, ಅವರು ರಜೆ ಹಾಕಿದ್ದರೆ ಬದಲಿ ಯಾರು, ಎಲ್ಲ ಕೇಳಿಕೊಂಡೇ ಫೋನ್ ಮಾಡಬೇಕು. ಗೋಡೆಗೆ ಅಂಟಿಸಿದ ನಂಬರ್ ಪಟ್ಟಿಯಲ್ಲಿ ಅರ್ಧ ಹೆಸರು ಹೋದ ಬ್ಯಾಚಿನವರದ್ದು. ಇದು ನನ್ನ ಮಟ್ಟಿಗೆ ಇಡೀ ಕಥೆಯ ತಿರುವು. ಆಮೇಲೆ ಬಂದ ಗೋಜಲೆಲ್ಲ ಇಲ್ಲಿಂದಲೇ ಶುರು.

ವಾಟ್ಸಾಪ್ ಬಂದಾಗ ಗೋಜಲು ಸುಲಭ ಆದ ಹಾಗೆ ಕಂಡಿತು. ಯೂನಿಟ್ಟಿಗೊಂದು ಗ್ರೂಪ್. ಇಸಿಜಿ ಫೋಟೋ, ಎಕ್ಸ್‌ರೇ ಫೋಟೋ, ಹ್ಯಾಂಡೋವರ್, ಎಲ್ಲಾ ಅದರಲ್ಲೇ. ಮರಾಠಿ ಸಿಸ್ಟರ್, ಮಲಯಾಳಿ ಸಿಸ್ಟರ್, ಹುಬ್ಬಳ್ಳಿಯಿಂದ ಪಿಜಿ ಮಾಡಲು ಬಂದ ಹುಡುಗ, ಎಲ್ಲರೂ ವಾಯ್ಸ್ ನೋಟ್ ಕಳಿಸಿ ಕೆಲಸ ಸಾಗಿಸುತ್ತಾರೆ. ಜೀವ ಉಳಿಸಿದ್ದೂ ಇದೆ. ಆದರೆ ಪೇಷಂಟಿನ ಹೆಸರಿರುವ ರಿಪೋರ್ಟು ಡಾಕ್ಟರ್ ಮಗಳ ಹುಟ್ಟುಹಬ್ಬದ ಫೋಟೋ ಪಕ್ಕ ಗ್ಯಾಲರಿಯಲ್ಲಿ ಉಳಿಯುತ್ತದೆ. ಫೋನ್ ಮಾರಿದರೆ ಅದೂ ಹೋಯಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇನೋ ಬಂತು. ಸ್ವಂತ ಫೋನಿನಲ್ಲಿರುವ ಆಸ್ಪತ್ರೆಯ ಕಡತಕ್ಕೆ ಯಾರು ಹೊಣೆ ಅನ್ನುವ ತಕರಾರು ವಾರ್ಡಿನಲ್ಲಿ ಹಾಗೇ ಇದೆ.

ಇನ್ನು ಗುರುತು ಹಿಡಿಯುವ ಯಂತ್ರಗಳ ಕಡೆ ಬರೋಣ. ಇವುಗಳ ಹುಟ್ಟು ಒಳ್ಳೆಯದೇ. 1992ರಲ್ಲಿ ಅಮೆರಿಕದ ಟೊಪೀಕಾ ಊರಿನ ಮಾಜಿ ಸೈನಿಕರ ಆಸ್ಪತ್ರೆಯ ನರ್ಸ್ ಸ್ಯೂ ಕಿನ್ನಿಕ್ ಬಾಡಿಗೆ ಕಾರು ವಾಪಸ್ ಕೊಡಲು ಹೋದರು. ಅಲ್ಲಿಯ ಹುಡುಗ ಕೈಯಲ್ಲಿದ್ದ ಯಂತ್ರದಿಂದ ಕಾರಿನ ಬಾರ್‌ಕೋಡ್ ಓದಿ ಕ್ಷಣದಲ್ಲಿ ಲೆಕ್ಕ ಮುಗಿಸಿದ. ಕಾರಿಗೆ ಆಗುವುದಾದರೆ ಮಾತ್ರೆಗೆ ಯಾಕಾಗಬಾರದು ಅಂತ ಅವರಿಗೆ ಹೊಳೆಯಿತು. ಪೇಷಂಟಿನ ಕೈಪಟ್ಟಿ ಸ್ಕ್ಯಾನ್ ಮಾಡು, ಔಷಧಿ ಸ್ಕ್ಯಾನ್ ಮಾಡು, ಎರಡೂ ಹೊಂದದಿದ್ದರೆ ಕಂಪ್ಯೂಟರ್ ಬೇಡ ಅನ್ನುತ್ತದೆ. ಆ ಸೈನಿಕರ ಆಸ್ಪತ್ರೆಗಳಲ್ಲೆಲ್ಲ ಇದು ಜಾರಿಗೆ ಬಂತು. ಈಗ ಮುಂಬೈ, ಪುಣೆಯ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಬಾರ್‌ಕೋಡ್ ಕೈಪಟ್ಟಿ ಮಾಮೂಲು. ಸ್ಕ್ಯಾನ್ ಆಗುವುದು ಮಾತ್ರೆ ಕೊಡುವಾಗ ಕಡಿಮೆ, ಬಿಲ್ ಮಾಡುವಾಗ ಜಾಸ್ತಿ ಅಂತ ಒಳಗಿನವರ ಗೊಣಗಾಟ. ಇರಲಿ.

ಬಾರ್‌ಕೋಡನ್ನು ಕಣ್ಣೆದುರು ಹಿಡಿದು ಓದಿಸಬೇಕು. ಆರ್‌ಎಫ್‌ಐಡಿಗೆ ಅದೂ ಬೇಡ. ಬ್ಯಾಟರಿ ಇಲ್ಲದ ಸಣ್ಣ ಚಿಪ್, ಅದರ ಸುತ್ತ ತೆಳು ಆಂಟೆನಾ. ಬಾಗಿಲಲ್ಲಿರುವ ರೀಡರ್ ಬಿಡುವ ರೇಡಿಯೋ ಅಲೆಯೇ ಅದಕ್ಕೆ ಕರೆಂಟು. ಹತ್ತಿರ ಬಂದ ಕೂಡಲೇ ಚಿಪ್ ತನ್ನ ನಂಬರ್ ಹೇಳುತ್ತದೆ. ಹೆರಿಗೆ ವಾರ್ಡಿಗೆ ಇದು ಬೇಕು ಅನ್ನುವ ಒತ್ತಾಯ ಮುಂಬೈಯಲ್ಲಿ ಬಹಳ ವರ್ಷದಿಂದ ಇದೆ, ಕಾರಣ ಮಕ್ಕಳ ಕಳ್ಳತನ. 2019ರ ಜೂನ್‌ನಲ್ಲಿ ನಾಯರ್ ಆಸ್ಪತ್ರೆಯಿಂದ ಐದು ದಿನದ ಮಗುವನ್ನು ಹೆಂಗಸೊಬ್ಬಳು ಎತ್ತಿಕೊಂಡು ಹೋಗಿದ್ದಳು. ಪುಣ್ಯಕ್ಕೆ ಕೆಲವೇ ಗಂಟೆಗಳಲ್ಲಿ ಸಾಂತಾಕ್ರೂಜಿನ ಇನ್ನೊಂದು ಆಸ್ಪತ್ರೆಯಲ್ಲಿ ಮಗು ಸಿಕ್ಕಿತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಖಡಕ್ಕಾಗಿ ಹೇಳಿತು. ನವಜಾತ ಶಿಶು ಆಸ್ಪತ್ರೆಯಿಂದ ಕಳುವಾದರೆ ಮೊದಲು ಆಸ್ಪತ್ರೆಯ ಲೈಸೆನ್ಸ್ ಅಮಾನತು ಮಾಡಿ ಅಂತ.

ಪಟ್ಟಿ ಕಟ್ಟಿದ ಕೂಡಲೇ ಮಗು ಭದ್ರವಾ? ಸುಮ್ನೆ ಯೋಚಿಸಿ. ಪಟ್ಟಿ ಕತ್ತರಿಸಬಹುದು. ಮೈಯಲ್ಲಿರುವ ನೀರಿನ ಅಂಶ, ಸುತ್ತಲಿನ ಕಬ್ಬಿಣದ ಮಂಚ ಸಿಗ್ನಲ್ ತಡೆಯುತ್ತವೆ. ಭೇಟಿಯ ಹೊತ್ತಿನಲ್ಲಿ ಬಾಗಿಲು ತೆರೆದೇ ಇರುವ ವಾರ್ಡಿನಲ್ಲಿ ಅಲಾರಂ ಹೊಡೆದರೂ ಓಡಿ ಬರಲು ಗಾರ್ಡ್ ಬೇಕಲ್ಲ. ಜತೆಗೆ 2008ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 41 ವೈದ್ಯಕೀಯ ಯಂತ್ರಗಳ ಪಕ್ಕ ಆರ್‌ಎಫ್‌ಐಡಿ ಇಟ್ಟು 123 ಸಲ ಪರೀಕ್ಷಿಸಿದರು. 34 ಸಲ ಯಂತ್ರಗಳು ತಪ್ಪಾಗಿ ನಡೆದುಕೊಂಡವು. ಅದರಲ್ಲಿ 22 ಅಪಾಯಕಾರಿ. ಐಸಿಯುನಲ್ಲಿ ಇಂಥದ್ದನ್ನು ತಂದು ಅಂಟಿಸುವ ಮುಂಚೆ ಪರೀಕ್ಷೆ ಬೇಕು ಅನ್ನುವುದು ಅದಕ್ಕೇ.

ಕರೆಯುವುದು, ಗುರುತು ಇಡುವುದು, ಎರಡನ್ನೂ ಸಂಸ್ಥೆಯೇ ಹೊತ್ತರೆ ಏನಾಗುತ್ತದೆ ಅಂತ ನೋಡಬೇಕಾದರೆ ಗೋವಾಕ್ಕೆ ಹೋಗಬೇಕು. ಇಸಿಜಿಯನ್ನು ತಂತಿಯಲ್ಲಿ ಕಳಿಸುವುದು ಹೊಸದೇನಲ್ಲ. ನೆದರ್‌ಲ್ಯಾಂಡಿನ ಐಂಥೋವೆನ್ 1905ರಲ್ಲೇ ಲೈಡನ್ ಊರಿನಲ್ಲಿ ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ದೂರದ ತಮ್ಮ ಲ್ಯಾಬಿಗೆ ಟೆಲಿಫೋನ್ ತಂತಿಯಲ್ಲಿ ಕಳಿಸಿದ್ದರು. ಯಂತ್ರ ಅಷ್ಟು ಭಾರ, ಪೇಷಂಟಿನ ಹತ್ತಿರ ಒಯ್ಯಲಿಕ್ಕೇ ಆಗುತ್ತಿರಲಿಲ್ಲ. ಗೋವಾದಲ್ಲಿ 2019ರ ಹೊತ್ತಿಗೆ ಶುರುವಾದ ಹೃದಯಾಘಾತ ಯೋಜನೆಯಲ್ಲಿ ತಾಲೂಕಿನ ಆರೋಗ್ಯ ಕೇಂದ್ರಕ್ಕೇ ಇಸಿಜಿ ಯಂತ್ರ ಕೊಟ್ಟರು. ಅದು ಬೆಂಗಳೂರಿನ ಟ್ರೈಕಾಗ್ ಕಂಪನಿಗೆ ಜೋಡಣೆ. ಎದೆನೋವು ಅಂತ ಬಂದವರ ಇಸಿಜಿ ಅಲ್ಲಿಗೆ ಹೋಗಿ ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ. ಹೃದಯಾಘಾತವೇ ಆಗಿದ್ದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಅಲ್ಲೇ. ಆಮೇಲೆ 108ರಲ್ಲಿ ಬಾಂಬೋಳಿಗೆ. ವಾಸ್ಕೋ ಕಡೆ ನಮ್ಮ ಉತ್ತರ ಕರ್ನಾಟಕದ ಎಷ್ಟೋ ಜನ ಕೂಲಿ ಮಾಡಿಕೊಂಡಿದ್ದಾರೆ. ಕೊಂಕಣಿ ಬಾರದವರು ಎದೆಯ ಸಂಕಟವನ್ನು ಹೇಗೆ ಹೇಳುತ್ತಾರೆ? ಆ ಕಾಗದದ ಗೆರೆಗೆ ಭಾಷೆಯ ತೊಂದರೆ ಇಲ್ಲ.

ಆಂಬುಲೆನ್ಸಿನದೂ ಇದೇ ಜಾಡು. ಮುಂಬೈಯಲ್ಲಿ 2005ರಲ್ಲಿ 1298 ಬಂತು, ಅದೇ ವರ್ಷ ಹೈದರಾಬಾದಿನಲ್ಲಿ 108. ಗೋವಾಕ್ಕೆ 108 ಬಂದದ್ದು 2008ರಲ್ಲಿ, ಮಹಾರಾಷ್ಟ್ರಕ್ಕೆ 2014ರಲ್ಲಿ. ಜಿಪಿಎಸ್ ಗಾಡಿ ಎಲ್ಲಿದೆ ಅಂತ ಹೇಳುತ್ತಿತ್ತು, ಬೆಡ್ ಎಲ್ಲಿದೆ ಅಂತ ಹೇಳುವವರಿರಲಿಲ್ಲ. ಕೋವಿಡ್ ಬಂದಾಗ ಆ ತೂತು ಎಲ್ಲರಿಗೂ ಕಂಡಿತು. 2020ರಲ್ಲಿ ಮುಂಬೈ ಮಹಾನಗರಪಾಲಿಕೆಯ ಸಹಾಯವಾಣಿ 1916ಕ್ಕೆ ಫೋನ್ ಮಾಡಿ ಮಾಡಿ ಜನ ಸೋತರು. ಆಗ ಪಾಲಿಕೆ ನಗರದ 24 ವಾರ್ಡುಗಳಿಗೂ ಒಂದೊಂದು ವಾರ್ ರೂಮ್ ಮಾಡಿತು. ಪಾಸಿಟಿವ್ ಬಂದವರಿಗೆ ಅಲ್ಲಿಂದಲೇ ಫೋನ್ ಬರುತ್ತಿತ್ತು, ಬೆಡ್ಡೂ ಅವರೇ ಗೊತ್ತು ಮಾಡುತ್ತಿದ್ದರು. ಪುಣೆಯವರು ಖಾಲಿ ಬೆಡ್ಡುಗಳ ಡ್ಯಾಶ್‌ಬೋರ್ಡ್ ಮಾಡಿದರು. ಪರದೆಯಲ್ಲಿ ಖಾಲಿ ಅಂತ ತೋರಿದ ಬೆಡ್ ಫೋನ್ ಮಾಡಿದರೆ ಇರುತ್ತಿರಲಿಲ್ಲ ಅಂತ ಬೈದುಕೊಂಡವರೂ ಇದ್ದಾರೆ. ಪರದೆಯ ಹಿಂದೆ ಫೋನ್ ಎತ್ತುವ ಮನುಷ್ಯ ಇದ್ದ ಕಡೆ ಕೆಲಸ ಸಾಗಿತು.

ಅದೇ ಹೊತ್ತಿಗೆ ನೌಕರರ ಮೇಲಿನ ಕಣ್ಣು ಬಿಗಿಯಾಗುತ್ತಾ ಹೋಯಿತು. 2021ರಲ್ಲಿ ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರ ಕೊಟ್ಟ ಫೋನುಗಳನ್ನು ಕಚೇರಿಗೆ ತಂದು ವಾಪಸ್ ಇಟ್ಟರು. ಕಳಪೆ ಫೋನು, ಆ್ಯಪ್ ಇಂಗ್ಲಿಷಿನಲ್ಲಿ ಅನ್ನುವುದು ಅವರ ದೂರು. ಡಾಕ್ಟರುಗಳ ತಕರಾರು ಬೇರೆ ಥರ. ನನ್ನ ಫೋನಿನ ಲೊಕೇಶನ್ ನಿಮಗ್ಯಾಕೆ ಅನ್ನುತ್ತಾರೆ. ಹೆಸರಿಗೆ ಮಾತ್ರ ಕಾಲೇಜಿನಲ್ಲಿದ್ದು ಹೊರಗೆ ಪ್ರಾಕ್ಟೀಸ್ ಮಾಡುವ 'ಭೂತ' ಬೋಧಕರನ್ನು ಹಿಡಿಯುವುದು ಹೇಗೆ ಅಂತ ಆಯೋಗ ಕೇಳಬಹುದು. ಅದೂ ಸುಳ್ಳಲ್ಲ. ಆದರೆ 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ವೈದ್ಯೆಯ ಕೊಲೆಯಾದಾಗ ಸುಪ್ರೀಂ ಕೋರ್ಟ್ ತನ್ನ ಆದೇಶದಲ್ಲಿ ಅರುಣಾ ಶಾನಭಾಗ್ ಹೆಸರನ್ನೂ ಎತ್ತಿ, ವೈದ್ಯರ ಸುರಕ್ಷತೆಗೆ ರಾಷ್ಟ್ರೀಯ ಕಾರ್ಯಪಡೆ ಮಾಡಿತು. ಎರಡು ಘಟನೆಗಳ ನಡುವೆ 50 ವರ್ಷಕ್ಕೂ ಹೆಚ್ಚು. ಆ ಹೊತ್ತಿಗೆ ಬೆರಳು ಒತ್ತುವ ಹಾಜರಿ ಯಂತ್ರ ಮೆಡಿಕಲ್ ಕಾಲೇಜುಗಳಿಗೆ ಬಂದಾಗಿತ್ತು.

ಪ್ಯಾನಿಕ್ ಬಟನ್ ಬೇಕು ಅಂತ ಈಗ ಎಲ್ಲಾ ಕಡೆ ಕೇಳುತ್ತಿದ್ದಾರೆ. ಬೇಕು, ಸರಿ. ಒತ್ತಿದಾಗ ಆ ಕಡೆ ಕೂತವರು ಯಾರು, ಎಷ್ಟು ನಿಮಿಷದಲ್ಲಿ ಬರಬೇಕು, ಬಂದ ಹೊತ್ತನ್ನು ಎಲ್ಲಿ ಬರೆಯಬೇಕು ಅನ್ನುವುದು ಬಟನ್ನಿನ ಟೆಂಡರಿನಲ್ಲೇ ಇರಬೇಕು ಅಂತ ಕುಂದಾಪುರದ ಅಕ್ಕ ಹೇಳುತ್ತಾರೆ. ಕಾಲ್ ಬುಕ್ ಬರೆದವರು ಹಾಗೇ ಕೇಳುತ್ತಾರೆ. ಠಾಣೆಯಲ್ಲಿ ನಾನು ನೋಡಿದ ಒಂದು ಸಣ್ಣ ನರ್ಸಿಂಗ್ ಹೋಮ್ ಮಾತ್ರ ಅಗ್ಗದ ದಾರಿ ಹಿಡಿದಿದೆ. ಐಸಿಯುಗೆ ಒಂದು ಸಾದಾ ಬಟನ್ ಫೋನ್, ಡ್ಯೂಟಿ ಡಾಕ್ಟರಿಗೆ ಒಂದು, ಕೆಳಗೆ ಸೆಕ್ಯುರಿಟಿಗೆ ಒಂದು. ಬೆಳಿಗ್ಗೆ ಎಂಟಕ್ಕೆ ಶಿಫ್ಟ್ ಬದಲಾಗುವಾಗ ಔಷಧಿ ಕಪಾಟಿನ ಕೀಲಿಕೈ ಜತೆ ಫೋನೂ ಕೈ ಬದಲಾಗುತ್ತದೆ, ರಿಜಿಸ್ಟರಿನಲ್ಲಿ ಸಹಿ ಬೀಳುತ್ತದೆ. ಬಿಲ್ ನರ್ಸಿಂಗ್ ಹೋಮ್ ಕಟ್ಟುತ್ತದೆ.